ಇಲ್ಲದ ಊರಿಗೊಂದು ಹೆಸರು

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಊರ ಹೆಸರುಗಳ ಮೆರವಣಿಗೆಯೇ ಕಣ್ಣ ಮುಂದೆ ಹಾದುಹೋಗುತ್ತದೆ. ಹಳ್ಳಿಖೇಡ, ಚಿಟಗುಪ್ಪಾ, ದುಬಲಗುಂಡಿ, ಘಾಟಬೋರಾಳ, ಸಿಂಧನಕೇರಾ, ಜಲಸಂಗಿ. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಬಸವಕಲ್ಯಾಣ. ಅದರ ಸುತ್ತಮುತ್ತ ಮುಡಬಿ, ಮಂಠಾಳ, ರಾಜೇಶ್ವರ, ಹುಲಸೂರ, ಉಜಳಂಬ, ಮುಚಳಂಬ. ಒಂದೊಂದು ಹೆಸರೂ ಒಂದೊಂದು ಬಗೆಯದು. ಕೆಲವು ಅಚ್ಚ ಕನ್ನಡ, ಕೆಲವು ಮರಾಠಿಯ ಸೊಗಡಿನವು, ಕೆಲವಕ್ಕೆ ಫಾರಸಿಯ ಬಾಲ.

ಇಂಥ ಹೆಸರುಗಳ ನಡುವೆಯೇ ಹುಟ್ಟಿ ಬೆಳೆದ ಒಂಬತ್ತನೆಯ ತರಗತಿಯ ಹುಡುಗನಿಗೆ ಒಂದು ಕತೆ ಬರೆದುಕೊಂಡು ಬಾ ಎಂದು ಹೇಳಿ ನೋಡಿ. ಕತೆಯ ಊರು ಬಹುಮಟ್ಟಿಗೆ ರಾಮಪುರ, ಇಲ್ಲವೇ ಸುಂದರಪುರ. ಶಾಲೆಯ ಹೆಸರು ಶಾರದಾ ವಿದ್ಯಾಮಂದಿರ. ಊರ ಪಕ್ಕದಲ್ಲಿ ತುಂಬಿ ಹರಿಯುವ ಹೊಳೆ, ಹೊಳೆಯಾಚೆ ಅಡಿಕೆ ತೋಟ, ತೋಟದ ನಡುವೆ ಹೆಂಚಿನ ಮನೆ! ಹುಮನಾಬಾದ್ ತಾಲ್ಲೂಕಿನಲ್ಲಿ ಅಡಿಕೆ ತೋಟ ಕಂಡವರು ಯಾರು? ಇಲ್ಲಿರುವುದು ತೊಗರಿ, ಜೋಳ, ಉದ್ದು, ಕಬ್ಬು. ಕೆಂಪು ಜಂಬಿಟ್ಟಿಗೆಯ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹುಡುಗನದು ತಪ್ಪೆನ್ನಲಾಗದು. ಅವನು ಓದಿದ ಕತೆಗಳಲ್ಲಿ ಮಲೆನಾಡು, ಕರಾವಳಿ, ಹಳೆಯ ಮೈಸೂರಿನ ಊರುಗಳೇ ಹೆಚ್ಚು. ಕತೆ ಎಂಬುದು ಎಲ್ಲೋ ದೂರದಲ್ಲಿ ನಡೆಯುವಂಥದು, ದುಬಲಗುಂಡಿಯಂಥ ಊರಲ್ಲಿ ನಡೆಯುವಂಥದಲ್ಲ ಎಂಬ ಭಾವನೆ ಅವನಲ್ಲಿ ತಾನಾಗಿಯೇ ಬೇರೂರಿರುತ್ತದೆ. ಈ ಭಾವನೆ ಸಣ್ಣ ನಷ್ಟವಲ್ಲ. ತನ್ನ ಊರಿನ ಬದುಕು ಬರೆಯಲು ಯೋಗ್ಯವಲ್ಲವೆಂದು ಹದಿನಾಲ್ಕನೆಯ ವಯಸ್ಸಿಗೇ ತೀರ್ಮಾನಿಸಿದವನು ಮುಂದೆ ಅದರ ಬಗ್ಗೆ ಬರೆಯುವುದು ಕಷ್ಟ.

ಹಾಗಾದರೆ ದುಬಲಗುಂಡಿ ಎಂದೇ ಬರೆಯಬಾರದೇಕೆ ಎಂದು ಪಾಲಕರು ಕೇಳಬಹುದು. ಬರೆಯಬಹುದು, ಆದರೆ ಅದಕ್ಕೊಂದು ತೊಡಕಿದೆ. ಕತೆಯಲ್ಲಿ ಕುಡಿಯುವ ಮಾಸ್ತರರೊಬ್ಬರು ಬರುತ್ತಾರೆನ್ನಿ. ಅಥವಾ ಬೋರ್‌ವೆಲ್ ಮುಂದೆ ಒಬ್ಬಳ ಕೊಡವನ್ನು ಜಾತಿಯ ಕಾರಣಕ್ಕೆ ಪಕ್ಕಕ್ಕಿಡಿಸುವ ಸಂದರ್ಭ ಬರುತ್ತದೆನ್ನಿ. ನಿಜವಾದ ಊರಿನ ಹೆಸರು ಹಾಕಿದರೆ ಆ ಊರಿನ ಮಾಸ್ತರರೆಲ್ಲ ತಮ್ಮನ್ನೇ ಅಂದರೆಂದು ತಿಳಿಯುತ್ತಾರೆ. ಕೊಡದ ಕತೆ ಬರೆದ ಹುಡುಗಿಯ ಮನೆಯವರು ನಾಳೆಯೂ ಅದೇ ಊರಿನಲ್ಲಿ, ಅದೇ ಬೋರ್‌ವೆಲ್ಲಿನ ನೀರು ಕುಡಿದು ಬಾಳಬೇಕು. ಕಲ್ಪಿತ ಊರು ಬೇಕಾಗುವುದು ಇಂಥಲ್ಲಿ. ಇಲ್ಲದ ಊರಿನ ನೆರಳಲ್ಲಿ ನಿಂತು ಇರುವ ಸಂಗತಿಯನ್ನು ಹೇಳಬಹುದು. ಆದರೆ ಓದುಗ ಆ ಊರನ್ನು ನಂಬದಿದ್ದರೆ ಸಂಗತಿಯನ್ನೂ ನಂಬುವುದಿಲ್ಲ. ರಾಮಪುರದಲ್ಲಿ ನಡೆದ ಅನ್ಯಾಯ ಯಾರ ಮನಸ್ಸಿಗೂ ತಟ್ಟದು, ಏಕೆಂದರೆ ರಾಮಪುರ ಎಲ್ಲಿಯೂ ಇದೆ, ಎಲ್ಲಿಯೂ ಇಲ್ಲ.

ಮಾಲ್ಗುಡಿಯ ಗುಟ್ಟು

ಕಲ್ಪಿತ ಊರು ಎಂದೊಡನೆ ಮೊದಲು ನೆನಪಾಗುವುದು ಮಾಲ್ಗುಡಿ. ಆರ್.ಕೆ. ನಾರಾಯಣ್ ಅವರು 1930ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ, ಅಜ್ಜಿ ನೋಡಿಕೊಟ್ಟ ಶುಭದಿನದಂದು ಒಂದು ನೋಟ್‌ಬುಕ್ ಕೊಂಡು ಬರೆಯಲು ಕುಳಿತರು. ಆಗ ಒಂದು ಪುಟ್ಟ ರೈಲು ನಿಲ್ದಾಣದೊಂದಿಗೆ ಆ ಊರಿನ ಹೆಸರು ಮನಸ್ಸಿಗೆ ಬಂತೆಂದು ಮುಂದೆ ಅವರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾಯಿತು. ಮಲ್ಲೇಶ್ವರದ ‘ಮಲ್’ ಮತ್ತು ಬಸವನಗುಡಿಯ ‘ಗುಡಿ’ ಸೇರಿ ಮಾಲ್ಗುಡಿಯಾಯಿತೆಂಬ ಮಾತು ಬಹಳ ಪ್ರಚಾರದಲ್ಲಿದೆ. ಕೇಳಲು ಚೆನ್ನಾಗಿದೆ, ಆದರೆ ಲೇಖಕರು ಹೇಳಿದ ಕತೆ ಅದಲ್ಲ.

ಇಲ್ಲಿ ಗಮನಿಸಬೇಕಾದದ್ದು ಹೆಸರು ಹೇಗೆ ಹುಟ್ಟಿತೆಂಬುದಕ್ಕಿಂತ ಅದು ಹೇಗೆ ನಿಂತಿತೆಂಬುದು. ‘ಗುಡಿ’ಯಲ್ಲಿ ಕೊನೆಯಾಗುವ ಊರುಗಳು ಕರ್ನಾಟಕದಲ್ಲೂ ತಮಿಳುನಾಡಿನಲ್ಲೂ ಇವೆ. ಆದ್ದರಿಂದ ಇಬ್ಬರ ಕಿವಿಗೂ ಇದು ಪರಿಚಿತ ಸದ್ದು. ಹೊಳೆಗೆ ಇಟ್ಟ ಹೆಸರು ಸರಯೂ. ಅಯೋಧ್ಯೆಯ ನದಿಯ ಹೆಸರನ್ನು ದಕ್ಷಿಣದ ಹೊಳೆಗಿಡುವುದು ನಮ್ಮ ಹಿರಿಯರು ಮಾಡುತ್ತ ಬಂದ ಕೆಲಸವೇ. ಬೆಟ್ಟಕ್ಕೆ ಮೆಂಪಿ. ಬಡಾವಣೆಗೆ ಲಾಲಿ ಎಕ್ಸ್‌ಟೆನ್ಷನ್. ಲಾಲಿ ಎಂಬ ಹೆಸರಿನ ಗವರ್ನರ್ ಮದ್ರಾಸಿನಲ್ಲಿ ನಿಜವಾಗಿಯೂ ಇದ್ದರು, ಕೊಯಮತ್ತೂರಿನಲ್ಲಿ ಲಾಲಿ ರಸ್ತೆಯೂ ಉಂಟು. ಬ್ರಿಟಿಷರ ಕಾಲದ ಊರೊಂದರಲ್ಲಿ ಇಂಥ ಒಂದು ಹೆಸರಿಲ್ಲದಿದ್ದರೇ ಆಶ್ಚರ್ಯ.

ಸ್ವಾಮಿಯ ಶಾಲೆಗಳನ್ನು ನೋಡಿ. ಮೊದಲನೆಯದು ಆಲ್ಬರ್ಟ್ ಮಿಷನ್ ಸ್ಕೂಲ್, ಅಲ್ಲಿಂದ ಹೊರಬಂದ ಮೇಲೆ ಸೇರುವುದು ಬೋರ್ಡ್ ಹೈಸ್ಕೂಲ್. ಈ ಎರಡು ಹೆಸರುಗಳಲ್ಲಿಯೇ ಅಂದಿನ ವಿದ್ಯಾಭ್ಯಾಸದ ಇತಿಹಾಸವೆಲ್ಲ ಅಡಗಿದೆ. ಒಂದು ಪಾದ್ರಿಗಳದು, ರಾಜಮನೆತನದವರ ಹೆಸರನ್ನು ಹೊತ್ತದ್ದು. ಇನ್ನೊಂದು ಸ್ಥಳೀಯ ಬೋರ್ಡು ನಡೆಸುವ, ಯಾರ ಹೆಸರೂ ಇಲ್ಲದ ಬಡ ಶಾಲೆ. ಒಂದೂ ಸಾಲು ವರ್ಣನೆಯಿಲ್ಲದೆ ಯಾವ ಶಾಲೆಯಲ್ಲಿ ಬೈಬಲ್ ಪಾಠ ನಡೆಯುತ್ತದೆ, ಯಾವುದರಲ್ಲಿ ನಡೆಯುವುದಿಲ್ಲ ಎಂಬುದು ತಿಳಿಯುತ್ತದೆ. ಜೊತೆಗೆ ನಾರಾಯಣ್ ಮಾಡಿದ ಇನ್ನೊಂದು ಉಪಾಯವೆಂದರೆ ಮದ್ರಾಸು, ತಿರುಚಿನಾಪಳ್ಳಿಗಳನ್ನು ಇದ್ದ ಹೆಸರಿನಲ್ಲಿಯೇ ಉಳಿಸಿಕೊಂಡದ್ದು. ಸುತ್ತ ಗಟ್ಟಿ ನೆಲ, ನಡುವೆ ಮಾತ್ರ ಕಲ್ಪನೆ.

ಕನ್ನಡದ ಕಾದಂಬರಿಕಾರರೂ ಈ ದಾರಿಯಲ್ಲಿ ಸಾಕಷ್ಟು ನಡೆದಿದ್ದಾರೆ. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ದೂರ್ವಾಸಪುರ ತುಂಗೆಯ ದಡದ ಒಂದು ಅಗ್ರಹಾರ. ಪ್ಲೇಗು ಬರುವುದು ಶಿವಮೊಗ್ಗದ ಕಡೆಯಿಂದ. ಶಿವಮೊಗ್ಗ ನಿಜ, ತುಂಗೆ ನಿಜ, ದೂರ್ವಾಸಪುರ ಕಲ್ಪನೆ. ಅದಕ್ಕೆ ದೂರ್ವಾಸ ಮುನಿ ತಪಸ್ಸು ಮಾಡಿದ ಸ್ಥಳವೆಂಬ ಸ್ಥಳಪುರಾಣವನ್ನೂ ಲೇಖಕರು ಒದಗಿಸಿದ್ದಾರೆ. ಸ್ಥಳಪುರಾಣವಿಲ್ಲದ ಅಗ್ರಹಾರ ಎಲ್ಲಾದರೂ ಉಂಟೇ? ತೇಜಸ್ವಿಯವರ ‘ಚಿದಂಬರ ರಹಸ್ಯ’ದ ಕೆಸರೂರು ಏಲಕ್ಕಿ, ಕಾಫಿಯ ಸೀಮೆಯ ಮಳೆಗಾಲವನ್ನು ಹೆಸರಿನಲ್ಲೇ ಹೊತ್ತು ತರುತ್ತದೆ. ಆದರೆ ಇದಕ್ಕೆಲ್ಲ ಅಪವಾದವೊಂದಿದೆ: ಚಂದ್ರಶೇಖರ ಕಂಬಾರರ ಶಿವಪುರ. ಇಷ್ಟು ಸಾಮಾನ್ಯವಾದ ಹೆಸರು ಬೇರೊಂದಿರಲಾರದು. 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಮದ್ದೂರಿನ ಶಿವಪುರವೂ ಸೇರಿದಂತೆ ರಾಜ್ಯದಲ್ಲಿ ಎಷ್ಟೋ ಶಿವಪುರಗಳಿವೆ. ಆದರೂ ಕಂಬಾರರ ಶಿವಪುರವನ್ನು ಓದುಗರು ನಂಬುತ್ತಾರೆ. ‘ಕರಿಮಾಯಿ’ಯಿಂದ ಮೊದಲುಗೊಂಡು ಪುಸ್ತಕದಿಂದ ಪುಸ್ತಕಕ್ಕೆ ದೇವತೆ, ಗೌಡ, ಹಾಡು, ಜಗಳಗಳನ್ನು ತುಂಬಿ ಅವರು ಅದನ್ನು ಕಟ್ಟಿದ್ದಾರೆ. ಎರಡು ಪುಟದ ಕತೆ ಬರೆಯುವ ವಿದ್ಯಾರ್ಥಿಗೆ ಅಷ್ಟು ಜಾಗವಿಲ್ಲ. ಅವನ ಊರು ಹೆಸರಿನಿಂದಲೇ ಅರ್ಧ ಕೆಲಸ ಮುಗಿಸಬೇಕು.

ಊರ ಹೆಸರಿಗೂ ವ್ಯಾಕರಣ

ಊರ ಹೆಸರುಗಳು ಮನಬಂದಂತೆ ಹುಟ್ಟುವುದಿಲ್ಲ. ಆಯಾ ಸೀಮೆಯ ಮಣ್ಣು, ನೀರು, ಆಳಿದವರು, ಆಡಿದ ನುಡಿ ಇವೆಲ್ಲ ಸೇರಿ ಒಂದು ಅಚ್ಚು ತಯಾರಾಗಿರುತ್ತದೆ. ಶಂ.ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಊರ ಹೆಸರುಗಳ ಜಾಡು ಹಿಡಿದೇ ಕನ್ನಡ ನಾಡಿನ ಹಳೆಯ ಹರವನ್ನು ಹುಡುಕಲು ಹೊರಟರು. ಆ ದೃಷ್ಟಿಯಿಂದ ನೋಡಿದರೆ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆ ಒಂದು ಒಳ್ಳೆಯ ಪ್ರಯೋಗಶಾಲೆ. ಪಶ್ಚಿಮಕ್ಕೆ ಮಹಾರಾಷ್ಟ್ರದ ಉಮರ್ಗಾ, ಪೂರ್ವಕ್ಕೆ ತೆಲಂಗಾಣದ ಜಹೀರಾಬಾದ್. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಸಿಗುತ್ತವೆ.

ಹಳ್ಳಿಖೇಡವನ್ನೇ ತೆಗೆದುಕೊಳ್ಳಿ. ‘ಹಳ್ಳಿ’ ಎಂದರೆ ಏನೆಂದು ಹೇಳಬೇಕಾಗಿಲ್ಲ. ‘ಖೇಡ’ ಎಂದರೂ ಹಳ್ಳಿಯೇ. ಸಂಸ್ಕೃತದ ‘ಖೇಟ’ದ ರೂಪ. ರಾಷ್ಟ್ರಕೂಟರ ಮಾನ್ಯಖೇಟ ಇಂದು ಮಳಖೇಡವಾಗಿರುವುದು ಹೀಗೆಯೇ. ಹಾಗೆ ನೋಡಿದರೆ ಹಳ್ಳಿಖೇಡವೆಂದರೆ ‘ಹಳ್ಳಿಹಳ್ಳಿ’ ಎಂದಂತಾಯಿತು. ಎರಡು ನುಡಿಗಳವರು ಒಂದೇ ಊರನ್ನು ತಂತಮ್ಮ ಮಾತಿನಲ್ಲಿ ಕರೆದು, ಕೊನೆಗೆ ಎರಡನ್ನೂ ಉಳಿಸಿಕೊಂಡಂತೆ ಕಾಣುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ. ಹಳ್ಳಿಖೇಡ (ಬಿ) ಒಂದು, ಹಳ್ಳಿಖೇಡ (ಕೆ) ಇನ್ನೊಂದು. ಎಷ್ಟೋ ಮಕ್ಕಳು ಇವನ್ನು ಇಂಗ್ಲಿಷಿನ ಇನಿಷಿಯಲ್ ಎಂದೇ ತಿಳಿದಿದ್ದಾರೆ. ‘ಬಿ’ ಎಂದರೆ ಬುಜುರ್ಗ್, ಅಂದರೆ ಹಿರಿಯ. ‘ಕೆ’ ಎಂದರೆ ಖುರ್ದ್, ಅಂದರೆ ಕಿರಿಯ. ಎರಡೂ ಫಾರಸಿಯಿಂದ ಬಂದ ಕಂದಾಯ ಇಲಾಖೆಯ ಮಾತುಗಳು. ಮಹಾರಾಷ್ಟ್ರದಲ್ಲಿ ಬುಜುರ್ಗ್ ‘ಬುದ್ರುಕ್’ ಆಗಿದೆ. ದಕ್ಷಿಣದ ಜಿಲ್ಲೆಗಳಲ್ಲಾದರೆ ಇವು ಹಿರೇ, ಚಿಕ್ಕ ಎಂದು ಮುಂದೆ ಬರುತ್ತಿದ್ದವು; ಇಲ್ಲಿ ಕಂಸದೊಳಗೆ ಹಿಂದೆ ನಿಂತಿವೆ.

ಇಂಗ್ಲೆಂಡಿನ ಹಳ್ಳಿಗಳಲ್ಲೂ ಇದೇ ಪದ್ಧತಿ ಉಂಟು. ಗ್ರೇಟ್ ಎಂದೊಂದು, ಲಿಟ್ಲ್ ಎಂದೊಂದು. ಹ್ಯಾರಿ ಪಾಟರ್ ಓದಿದ ಮಕ್ಕಳಿಗೆ ಹ್ಯಾರಿಯ ದೊಡ್ಡಮ್ಮನ ಊರು ಲಿಟ್ಲ್ ವಿಂಜಿಂಗ್ ನೆನಪಿರಬಹುದು. ‘ವಿಂಜ್’ ಎಂದರೆ ಗೊಣಗುವುದು. ಹೆಸರು ತಮಾಷೆಯದು, ಆದರೆ ಅಚ್ಚು ಅಸಲಿ: ಮುಂದೆ ಲಿಟ್ಲ್, ಕೊನೆಗೆ ‘ಇಂಗ್’. ನಮ್ಮಲ್ಲಾದರೆ ‘ಗೊಣಗೇರಾ (ಕೆ)’ ಎಂದಂತೆ! ಅದೇ ಲೇಖಕಿ ಡರ್ಸ್‌ಲಿ ಎಂಬ ನಿಜವಾದ ಪಟ್ಟಣದ ಹೆಸರನ್ನು ಒಂದು ಕುಟುಂಬದ ಹೆಸರನ್ನಾಗಿಸಿದರು. ಇನ್ನೂ ಹಿಂದೆ ಹೋದರೆ ಥಾಮಸ್ ಹಾರ್ಡಿ ಇದ್ದಾನೆ. ಡಾರ್ಚೆಸ್ಟರ್ ಎಂಬ ತನ್ನ ಕಡೆಯ ಊರನ್ನು ಅವನು ಕಾದಂಬರಿಯಲ್ಲಿ ಕ್ಯಾಸ್ಟರ್‌ಬ್ರಿಜ್ ಮಾಡಿದ. ‘ಚೆಸ್ಟರ್’, ‘ಕ್ಯಾಸ್ಟರ್’ ಎರಡೂ ರೋಮನ್ನರ ದಂಡಿನ ಪಾಳೆಯವನ್ನು ಸೂಚಿಸುವ ಒಂದೇ ಮೂಲದ ಮಾತುಗಳು. ಹೆಸರು ಬದಲಾಯಿತು, ಚರಿತ್ರೆ ಬದಲಾಗಲಿಲ್ಲ.

ಮತ್ತೆ ನಮ್ಮ ಸೀಮೆಗೆ ಬಂದರೆ, ಕೊನೆಗಳನ್ನು ಗುಂಪುಗೂಡಿಸುವುದು ಒಳ್ಳೆಯ ಅಭ್ಯಾಸ. ಸಿಂಧನಕೇರಾ, ಬಟಗೇರಾಗಳ ‘ಕೇರಾ’, ‘ಗೇರಾ’. ಅದು ಕೆರೆಯೋ ಕೇರಿಯೋ ಎಂಬುದನ್ನು ಊರೂರಿಗೆ ಬೇರೆಯಾಗಿ ವಿಚಾರಿಸಬೇಕು. ಉಜಳಂಬ, ಮುಚಳಂಬಗಳ ಜೋಡಿ. ತಡೋಳಾ, ರಾಜೋಳಾಗಳ ಜೋಡಿ. ದುಬಲಗುಂಡಿಯ ‘ಗುಂಡಿ’, ಬೇಟಬಾಲಕುಂದಾದ ‘ಕುಂದಾ’. ನಾರಾಯಣಪುರ, ಪ್ರತಾಪುರಗಳ ‘ಪುರ’. ಹುಮನಾಬಾದಿನ ‘ಆಬಾದ್’. ಮಾಣಿಕನಗರದ ‘ನಗರ’, ಇದು ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳ ಹೆಸರಿನಿಂದ ಬಂದದ್ದು. ಇನ್ನೊಂದು ಸೂಕ್ಷ್ಮವಿದೆ. ದಕ್ಷಿಣದವರು ಹುಲಸೂರು ಎಂದು ಬರೆಯುವಲ್ಲಿ ಇಲ್ಲಿಯವರು ಹುಲಸೂರ ಎನ್ನುತ್ತಾರೆ; ಕೊನೆಯ ಉಕಾರ ಬಿದ್ದುಹೋಗುತ್ತದೆ. ‘ಎ’ಕಾರ ಇರಬಹುದಾದಲ್ಲಿ ‘ಆ’ಕಾರ ಬರುತ್ತದೆ: ಚಿಟಗುಪ್ಪಾ, ನಿರ್ಣಾ, ಗೋರ್ಟಾ. ಉರ್ದು, ಮರಾಠಿ ಕಾಗದಪತ್ರಗಳಲ್ಲಿ ಶತಮಾನಗಳ ಕಾಲ ಓಡಾಡಿದ ಹೆಸರುಗಳ ಮೈಮೇಲಿನ ಗುರುತು ಇದು.

ಹಾಗೆಂದು ಸದ್ದು ಕೇಳಿ ಅರ್ಥ ಕಟ್ಟುವ ಚಟ ಒಳ್ಳೆಯದಲ್ಲ. ಬಸವಕಲ್ಯಾಣದ ಹತ್ತಿರ ಕೊಹಿನೂರ ಎಂಬ ಊರಿದೆ. ಕೇಳಿದವರಿಗೆ ವಜ್ರವೇ ನೆನಪಾಗುತ್ತದೆ. ಆದರೆ ಹುಲಸೂರದಲ್ಲಿರುವಂತೆ ಇಲ್ಲಿಯೂ ಕೊನೆಗೆ ‘ಊರ’ ಕುಳಿತಿರಬಹುದಲ್ಲ? ಶಾಸನ, ಹಳೆಯ ದಾಖಲೆ ನೋಡದೆ ಹೇಳುವುದೆಲ್ಲ ಊಹೆ. ಕತೆಗಾರನಿಗೆ ಮಾತ್ರ ಈ ಊಹೆಯೂ ಉಪಯೋಗಕ್ಕೆ ಬರುತ್ತದೆ. ನಿಜವಾದ ಊರುಗಳಲ್ಲಿ ಜನ ತಮ್ಮ ಊರ ಹೆಸರಿಗೆ ಎರಡು ಮೂರು ಕತೆ ಹೇಳುತ್ತಾರೆ, ಪರಸ್ಪರ ಒಪ್ಪುವುದಿಲ್ಲ. ಕಲ್ಪಿತ ಊರಿನಲ್ಲೂ ಇಬ್ಬರು ಮುದುಕರು ಆ ವಿಷಯಕ್ಕೆ ಜಗಳವಾಡಿದರೆ ಊರು ಗಟ್ಟಿಯಾಗುತ್ತದೆ.

ಮೆಂಡಲೀವ್ ಬಿಟ್ಟ ಖಾಲಿ ಮನೆ

ರಸಾಯನಶಾಸ್ತ್ರದ ಒಂದು ಪ್ರಸಂಗ ಇಲ್ಲಿ ನೆರವಿಗೆ ಬರುತ್ತದೆ. ರಷ್ಯಾದ ಮೆಂಡಲೀವ್ 1869ರಲ್ಲಿ ಧಾತುಗಳ ಆವರ್ತ ಕೋಷ್ಟಕ ರಚಿಸಿದಾಗ ಕೆಲವು ಮನೆಗಳನ್ನು ಖಾಲಿ ಬಿಟ್ಟ. ಅಲ್ಯೂಮಿನಿಯಮ್ಮಿನ ಕೆಳಗಿನ ಖಾಲಿ ಮನೆಗೆ ‘ಏಕ-ಅಲ್ಯೂಮಿನಿಯಮ್’ ಎಂದು ಸಂಸ್ಕೃತದ ‘ಏಕ’ ಸೇರಿಸಿ ಹೆಸರಿಟ್ಟು, ಯಾರೂ ನೋಡಿರದ ಆ ಧಾತುವಿನ ಗುಣಗಳನ್ನು ಮೊದಲೇ ಹೇಳಿದ. 1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಮ್ ಸಿಕ್ಕಿತು. ಅದರ ಸಾಂದ್ರತೆ 4.7 ಎಂದು ಕಂಡುಹಿಡಿದವರು ಅಳೆದಾಗ, ಅದನ್ನು ಕಣ್ಣಿಂದ ಕಾಣದ ಮೆಂಡಲೀವ್ ಇನ್ನಷ್ಟು ಶುದ್ಧಮಾಡಿ ಮತ್ತೆ ಅಳೆಯಿರಿ ಎಂದು ಸೂಚಿಸಿದ. ಅಳೆದರೆ 5.9 ಬಂತು, ಅವನು ಹೇಳಿದ್ದಕ್ಕೆ ಸರಿಹೋಯಿತು. ಸುತ್ತಲಿನ ಧಾತುಗಳು ಗೊತ್ತಿದ್ದವು, ಆದ್ದರಿಂದ ಇಲ್ಲದ್ದು ಹೇಗಿರಬೇಕೆಂದು ಹೇಳಲು ಸಾಧ್ಯವಾಯಿತು. ನಂಬುವಂಥ ಕಲ್ಪಿತ ಊರೂ ಹೀಗೆಯೇ: ಸುತ್ತಲಿನ ಹೆಸರುಗಳ ಕೋಷ್ಟಕದಲ್ಲಿ ಖಾಲಿ ಉಳಿದ ಮನೆಗೆ ಸರಿಯಾಗಿ ಕೂರಬೇಕು.

ಒಂದು ಉದಾಹರಣೆ ಮಾಡಿ ನೋಡಬಹುದು. ಕತೆಯ ಊರಿನಲ್ಲಿ ಕೆರೆಯ ದಂಡೆಗೆ ಬೇವಿನ ಮರಗಳಿವೆ ಎಂದಿಟ್ಟುಕೊಳ್ಳೋಣ. ತುಮಕೂರು ಕಡೆಯಾದರೆ ಬೇವಿನಕೆರೆ ಎನ್ನಬಹುದಿತ್ತು. ಬೀದರ್ ಜಿಲ್ಲೆಯಲ್ಲಿ ಆ ಹೆಸರು ನೆಂಟರ ಮನೆಗೆ ಬಂದವರಂತೆ ಕಾಣುತ್ತದೆ. ಅದನ್ನೇ ಇಲ್ಲಿಯ ಅಚ್ಚಿಗೆ ಹಾಕಿದರೆ ಬೇವನಗೇರಾ. ಪಕ್ಕದಲ್ಲಿ ಸಣ್ಣದೊಂದು ಊರು ಒಡೆದು ಬೇರೆಯಾಗಿದ್ದರೆ ಬೇವನಗೇರಾ (ಬಿ) ಮತ್ತು (ಕೆ). ಇನ್ನು ಬಾಯಿಯ ಪರೀಕ್ಷೆ. ಬಸ್ಸಿನ ಕಂಡಕ್ಟರ್ ಕೂಗಿದಂತೆ ಕೂಗಿ ನೋಡಬೇಕು: “ಬೇವನಗೇರಾ, ಬೇವನಗೇರಾ! ಯಾರ್ ಇಳಿಯೋರದೀರಿ ಮುಂದ ಬರ್ರಿ!” ಮುದುಕಿಯೊಬ್ಬಳ ಬಾಯಲ್ಲಿಟ್ಟು ನೋಡಬೇಕು: “ನಮ್ಮ ಸಣ್ಣ ಮಗಳಿಗಿ ಬೇವನಗೇರಾಕ ಕೊಟ್ಟೀವ್ರೀ.” ನಾಲಿಗೆ ತೊಡರಲಿಲ್ಲ ಎಂದರೆ ಹೆಸರು ಪಾಸು. ಸುಂದರಪುರ ಈ ಪರೀಕ್ಷೆಯಲ್ಲಿ ಮೊದಲ ಸುತ್ತಿಗೇ ಬೀಳುತ್ತದೆ. ಕೊನೆಗೆ, ಆ ಹೆಸರಿನ ಊರು ನಿಜವಾಗಿ ಇದೆಯೇ ಎಂದು ಜನಗಣತಿಯ ಹಳ್ಳಿಗಳ ಪಟ್ಟಿಯಲ್ಲೋ ಮೊಬೈಲಿನ ನಕಾಶೆಯಲ್ಲೋ ಹುಡುಕಬೇಕು. ಇದ್ದರೆ ಒಂದಕ್ಷರ ಆಚೀಚೆ ಮಾಡಿ ಮತ್ತೆ ಮೊದಲಿನಿಂದ.

ಹೆಸರಿನ ಜೊತೆಗೆ ಕಾಲವನ್ನೂ ನೋಡಬೇಕು. ಇದರಲ್ಲಿ ದೊಡ್ಡವರೂ ಎಡವುತ್ತಾರೆ. ಬಸವಣ್ಣನವರ ಕಾಲದ ಕತೆಯಾದರೆ ಊರು ಕಲ್ಯಾಣ. ನಿಜಾಮರ ಕಾಲದಲ್ಲಿ ಅದು ನವಾಬರ ಜಹಗೀರಿನ ಕಲ್ಯಾಣಿ. ಹೈದರಾಬಾದಿನ ಕಲ್ಯಾಣಿ ಬಿರಿಯಾನಿ ಆ ನವಾಬರ ಮನೆಯ ಹೆಸರಿನದೆಂದು ಹೇಳುತ್ತಾರೆ. 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಸವಕಲ್ಯಾಣ. 1940ರ ಕತೆಯಲ್ಲಿ ಹುಡುಗನೊಬ್ಬ ‘ಬಸವಕಲ್ಯಾಣಕ್ಕೆ ಹೋದ’ ಎಂದು ಬರೆದರೆ ತಿಳಿದವರು ಪುಸ್ತಕ ಮುಚ್ಚಿಡುತ್ತಾರೆ. ಗುಲಬರ್ಗಾ ಕಲಬುರಗಿಯಾದದ್ದು 2014ರಲ್ಲಿ. ಹುಲಸೂರ, ಚಿಟಗುಪ್ಪಾಗಳು ತಾಲ್ಲೂಕು ಕೇಂದ್ರಗಳಾದದ್ದು 2018ರಲ್ಲಿ. ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದದ್ದು 2019ರಲ್ಲಿ. ಇನ್ನು ಮಾಲ್ಗುಡಿಯ ಮೋಹದಲ್ಲಿ ಕತೆಯನ್ನು ರೈಲು ನಿಲ್ದಾಣದಿಂದ ಆರಂಭಿಸುವವರು ಎಚ್ಚರವಾಗಿರಬೇಕು. ಹುಮನಾಬಾದಿನ ಮೂಲಕ ಹಾದುಹೋಗುವ ಬೀದರ್–ಕಲಬುರಗಿ ಮಾರ್ಗ ಪೂರ್ಣವಾಗಿ ತೆರೆದದ್ದು 2017ರಲ್ಲಿ. 1990ರ ನಾಯಕ ಅಲ್ಲಿ ರೈಲಿನಿಂದ ಇಳಿಯುವಂತಿಲ್ಲ; ಅವನು ಹೈದರಾಬಾದ್–ಸೊಲ್ಲಾಪುರ ರಸ್ತೆಯಲ್ಲಿ ಕೆ.ಎಸ್.ಆರ್.ಟಿ.ಸಿ. ಬಸ್ಸಿಗೇ ಕಾಯಬೇಕು.

ಫಲಕದ ಮೇಲೊಂದು, ಬಾಯಲ್ಲೊಂದು

ಶಾಲೆಗೆ ಹೆಸರಿಡುವುದು ಊರಿಗಿಂತ ಸುಲಭ ಎನ್ನಿಸುತ್ತದೆ, ಆದರೆ ಹಾಗಿಲ್ಲ. ನಮ್ಮ ಶಾಲೆಗಳಿಗೆ ಯಾವಾಗಲೂ ಎರಡು ಹೆಸರು. ಫಲಕದ ಮೇಲೆ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ ಎಂದು ಉದ್ದಕ್ಕೆ ಬರೆದು, ಕೆಳಗೆ ಊರು, ತಾಲ್ಲೂಕು, ಜಿಲ್ಲೆ. ಕೆಲವು ಕಡೆ ಉರ್ದು, ಮರಾಠಿ ಮಾಧ್ಯಮವೆಂಬ ಸೂಚನೆ. ಜನರ ಬಾಯಲ್ಲಿ ಅದು ‘ದೊಡ್ಡ ಸಾಲಿ’, ‘ಕನ್ಯಾ ಸಾಲಿ’, ‘ಅಗಸಿ ಸಾಲಿ’. ಕತೆಗೆ ಎರಡೂ ಬೇಕು. ಮುಖ್ಯೋಪಾಧ್ಯಾಯರು ಪತ್ರದಲ್ಲಿ ಒಂದನ್ನು ಬರೆಯುತ್ತಾರೆ, ಎಮ್ಮೆ ಹೊಡೆದುಕೊಂಡು ಹೋಗುವ ಹುಡುಗ ಇನ್ನೊಂದನ್ನು ಹೇಳುತ್ತಾನೆ. ಎಲ್ಲರೂ ಫಲಕದ ಹೆಸರನ್ನೇ ಹೇಳುವ ಕತೆ ಇನ್‌ಸ್ಪೆಕ್ಷನ್ ವರದಿಯಂತೆ ಇರುತ್ತದೆ.

ಖಾಸಗಿ ಶಾಲೆಗಳಲ್ಲಿ ಕಾಲದ ಗುರುತು ಇನ್ನೂ ಸ್ಪಷ್ಟ. ಈ ಸೀಮೆಯಲ್ಲಿ ಬಸವೇಶ್ವರ, ಅಕ್ಕಮಹಾದೇವಿ, ಅಲ್ಲಮಪ್ರಭುಗಳ ಹೆಸರಿನ ವಿದ್ಯಾಸಂಸ್ಥೆಗಳಿರುವುದು ಸಹಜ. ಆಮೇಲೆ ಬಂದವು ಪಬ್ಲಿಕ್ ಸ್ಕೂಲುಗಳು, ಅವುಗಳ ಹಿಂದೆಯೇ ಇಂಟರ್‌ನ್ಯಾಷನಲ್‌ಗಳು. ತಗಡಿನ ಚಪ್ಪರದ ಕೆಳಗೆ ನಡೆಯುವ ಇಂಟರ್‌ನ್ಯಾಷನಲ್ ಶಾಲೆಯೊಂದು ಕತೆಯಲ್ಲಿ ಬಂದರೆ ಬೇರೆ ವ್ಯಂಗ್ಯ ಬೇಕಾಗಿಲ್ಲ. ಒಂದು ಎಚ್ಚರಿಕೆ: ಮಕ್ಕಳು ಒಳ್ಳೆಯ ಹೆಸರೆಂದು ಆರಿಸಿಕೊಳ್ಳುವ ‘ಆದರ್ಶ ವಿದ್ಯಾಲಯ’ ರಾಜ್ಯದ ಹಲವು ತಾಲ್ಲೂಕುಗಳಲ್ಲಿ ನಿಜವಾಗಿಯೂ ಇರುವ ಸರ್ಕಾರಿ ಶಾಲೆಗಳ ಹೆಸರು. ಕತೆಯಲ್ಲಿ ಅಲ್ಲಿಯ ಬಿಸಿಯೂಟದ ಅಕ್ಕಿ ಕದ್ದರೆ ನಿಜವಾದ ಶಾಲೆಯವರು ಬೇಸರಪಡುತ್ತಾರೆ.

ನಿಜಾಮರ ಕಾಲದ ಕತೆಯಾದರೆ ಶಾಲೆಯ ಹೆಸರೇ ಬೇರೆ. ಪ್ರಾಥಮಿಕ ಶಾಲೆ ತಹತಾನಿಯಾ, ಮಾಧ್ಯಮಿಕ ವಸ್ತಾನಿಯಾ, ಹೈಸ್ಕೂಲು ಫೌಖಾನಿಯಾ. ಕೆಳಗಿನದು, ನಡುವಿನದು, ಮೇಲಿನದು ಎಂದು ಅವುಗಳ ಅರ್ಥ. ಪಾಠ ಉರ್ದುವಿನಲ್ಲಿ. ಬೀದರ್ ಜಿಲ್ಲೆಯ ಹಿರಿಯರು ಇಂದಿಗೂ ಹೇಳುವ ಸಂಗತಿಯೊಂದು ಈ ಕಾಲದ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಕನ್ನಡ ಕಲಿಸುವುದು ಕಷ್ಟವಾಗಿದ್ದ ಆ ದಿನಗಳಲ್ಲಿ ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಪಾಠ ನಡೆಸಿದರು. ತಪಾಸಣೆಗೆ ಬಂದವರು ಓದುವುದು ಫಲಕವನ್ನು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಫಲಕವೂ ಒಂದು ಕಲ್ಪಿತ ಹೆಸರೇ ಅಲ್ಲವೇ? ಅದು ಅಧಿಕಾರಿಗಳ ಕಣ್ಣಿಗೆ ಸಹಜವಾಗಿ ಕಾಣಬೇಕಿತ್ತು, ಪಕ್ಕದ ಊರಿನ ಫಲಕದಂತೆಯೇ ಇರಬೇಕಿತ್ತು. ಅಕ್ಷರ ಒಂದಿಷ್ಟು ಹೆಚ್ಚು ಕಡಿಮೆಯಾಗಿದ್ದರೆ ಮಕ್ಕಳ ಪಾಟಿಯ ಮೇಲಿನ ಅ, ಆ, ಇ, ಈ ಅಂದೇ ಅಳಿಸಿಹೋಗುತ್ತಿತ್ತು.

ಹೆಸರು ಬದಲಿಸಿದ ಮಾತ್ರಕ್ಕೆ ಎಲ್ಲವೂ ಮರೆಯಾಗುವುದಿಲ್ಲ ಎಂಬುದನ್ನೂ ಬರೆಯುವ ಮಕ್ಕಳಿಗೆ ಹೇಳಬೇಕು. ಊರನ್ನು ಬೇವನಗೇರಾ ಮಾಡಿ, ಆದರೆ ‘ಗೇಟಿನ ಬಳಿ ಎರಡು ಹುಣಸೆ ಮರ, ಪಕ್ಕದಲ್ಲಿ ಹಿಟ್ಟಿನ ಗಿರಣಿ, ಕುಂಟುವ ಹೆಡ್‌ಮಾಸ್ತರರು’ ಎಂದೆಲ್ಲ ಇದ್ದದ್ದನ್ನು ಇದ್ದಂತೆ ಬರೆದರೆ ಇಡೀ ಊರಿಗೆ ಗುರುತು ಸಿಗುತ್ತದೆ. ಮರವನ್ನು ಕಿತ್ತು ಬೇರೆಡೆ ನೆಡಬೇಕು, ಗಿರಣಿಯನ್ನು ಅಂಚೆ ಕಚೇರಿ ಮಾಡಬೇಕು, ಕುಂಟು ಹೋಗಬೇಕು. ಸಂಗತಿಯೊಂದು ಉಳಿದರೆ ಸಾಕು.

ಕೆಲವು ಹೆಸರುಗಳನ್ನು ಮರೆಮಾಡಬಾರದು ಎಂಬುದೂ ಅಷ್ಟೇ ನಿಜ. ಬಸವಕಲ್ಯಾಣದ ಸಮೀಪದ ಗೋರ್ಟಾ (ಬಿ) ಗ್ರಾಮದಲ್ಲಿ 1948ರ ಮೇ ತಿಂಗಳಿನಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಬರೆಯುವವರು ಗೋರ್ಟಾ ಎಂದೇ ಬರೆಯಬೇಕು, ಹಿರಿಯರಿಂದ ಕೇಳಿ, ದಾಖಲೆ ನೋಡಿ ಬರೆಯಬೇಕು. ಅಲ್ಲಿ ಸತ್ತವರಿಗೆ ಊರಿದೆ, ಮನೆತನವಿದೆ. ಗೋರ್ಟಾವನ್ನೇ ಹೋಲುವ ಹೆಸರೊಂದನ್ನು ಕಟ್ಟಿ ಅದರೊಳಗೆ ಪತ್ತೇದಾರಿ ಕತೆ ನಡೆಸುವುದು ಸರಿಯಲ್ಲ. ಕಲ್ಪಿತ ಊರು ಅದರಿಂದ ಸಾಕಷ್ಟು ದೂರದಲ್ಲಿರಲಿ.

ಹೊಸ ಹೆಸರುಗಳಿಗೆ ಎಲ್ಲಿ ಹುಡುಕಬೇಕು? ಅಟ್ಲಾಸಿನಲ್ಲಿ ದೊಡ್ಡ ಊರುಗಳಷ್ಟೇ ಸಿಗುತ್ತವೆ. ಹಳೆಯ ಲಗ್ನಪತ್ರಿಕೆಗಳು ಅದಕ್ಕಿಂತ ಒಳ್ಳೆಯ ಗಣಿ. ಬೀಗರ ಊರು, ಸೋದರಮಾವನ ಊರು, ಅಂಚೆ, ತಾಲ್ಲೂಕು ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿರುತ್ತಾರೆ. ಅದಕ್ಕಿಂತ ಒಳ್ಳೆಯದು ಹೊಲಗಳ ಹೆಸರು. ಪ್ರತಿ ಹೊಲಕ್ಕೂ ಮನೆಯವರು ಕರೆಯುವ ಹೆಸರೊಂದು ಇರುತ್ತದೆ: ದರ್ಗಾದ ಹೊಲ, ಹುಣಸಿ ಹೊಲ, ಕಲ್ಲಬಾವಿ ಹೊಲ. ಪಹಣಿಯಲ್ಲಿ ಇರುವುದು ಸರ್ವೆ ನಂಬರು ಮಾತ್ರ, ಈ ಹೆಸರುಗಳು ಇರುವುದು ಮುತ್ಯಾ, ಆಯಿಗಳ ನಾಲಿಗೆಯ ಮೇಲೆ. ಸಂಜೆ ಕಟ್ಟೆಯ ಮೇಲೆ ಅವರ ಪಕ್ಕ ಕುಳಿತು ಊರ ಸುತ್ತಲಿನ ಹೊಲಗಳ ಹೆಸರನ್ನೆಲ್ಲ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಹತ್ತು ಕತೆಗಳಿಗಾಗುವಷ್ಟು ಊರುಗಳು ಸಿಗುತ್ತವೆ. ಪಾಲಕರು ಹೊಲ ಮಾರಿ ಪಟ್ಟಣ ಸೇರಿದ್ದರೂ ಚಿಂತೆಯಿಲ್ಲ. ಮಾರಿದ ಹೊಲದ ಹೆಸರನ್ನು ಹಿರಿಯರು ಇನ್ನೂ ಚೆನ್ನಾಗಿ ನೆನಪಿಟ್ಟುಕೊಂಡಿರುತ್ತಾರೆ.